ಕ್ರೈಸ್ತ ನಂಬಿಕೆಯಲ್ಲಿ ಸತ್ಯವು ನಿರಪೇಕ್ಷವೇ ಅಥವಾ ಸಂದರ್ಭಕ್ಕೆ ತಕ್ಕಂತೆ ಬದಲಾಗುವುದೇ?

ಕ್ರೈಸ್ತ ನಂಬಿಕೆಯ ಪ್ರಕಾರ ಸತ್ಯವು ನಿರಪೇಕ್ಷವಾದದ್ದು. ಸಂದರ್ಭವನ್ನು ನೋಡಿ ಬದಲಾಗುವುದು ಆ ಸತ್ಯಕ್ಕೆ ತಕ್ಕಂತೆ ನಡೆಯುವ ರೀತಿ. ಯೋಹಾನನ ಸುವಾರ್ತೆಯ 14ನೇ ಅಧ್ಯಾಯದಲ್ಲಿ ಯೇಸು ತಾನೇ ಮಾರ್ಗವೂ ಸತ್ಯವೂ ಜೀವವೂ ಆಗಿರುವುದಾಗಿ ಹೇಳುವುದರಿಂದ, ಈ ಸತ್ಯವು ಮೊದಲಿಗೆ ಒಬ್ಬ ವ್ಯಕ್ತಿಯಲ್ಲಿ ನೆಲೆಗೊಂಡಿದೆ.

ಸಂದರ್ಭದ ಪಾತ್ರವನ್ನು ತಿಳಿಯಲು, ಆದಿ ಕ್ರೈಸ್ತ ಸಭೆಯ ಅಪೊಸ್ತಲನಾದ (ಸುವಾರ್ತೆ ಸಾರಲು ಕಳುಹಿಸಲ್ಪಟ್ಟವನಾದ) ಪೌಲನ ನಡೆಯನ್ನು ಗಮನಿಸಬೇಕು. ಯೆಹೂದ್ಯ ತಾಯಿಗೂ ಗ್ರೀಕ್ ತಂದೆಗೂ ಹುಟ್ಟಿ, ತನ್ನ ಜೊತೆ ಸೇವೆಗೆ ಹೊರಟ ತಿಮೊಥೆಗೆ, ಆ ಪ್ರದೇಶದ ಯೆಹೂದ್ಯರ ನಿಮಿತ್ತ ಆತನು ಸುನ್ನತಿ ಮಾಡಿಸಿದನೆಂದು ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯ ಹೇಳುತ್ತದೆ. ಆದರೆ ಗ್ರೀಕನಾದ ತೀತನಿಗೂ ಸುನ್ನತಿಯಾಗಬೇಕೆಂದು ಕೆಲವರು ಒತ್ತಾಯಿಸಿದಾಗ ತಾನು ಒಂದು ಗಳಿಗೆಯೂ ಮಣಿಯಲಿಲ್ಲವೆಂದು ಆತನೇ ಗಲಾತ್ಯದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ತಿಳಿಸುತ್ತಾನೆ. ನನ್ನ ತಿಳಿವಳಿಕೆಯಂತೆ, ಮೊದಲನೆಯದು ಸೇವೆಗೆ ಅಡ್ಡಿಯಾಗದಿರಲೆಂದು ಮಾಡಿಕೊಂಡ ಹೊಂದಾಣಿಕೆ. ಎರಡನೆಯದಕ್ಕೆ ಒಪ್ಪಿದ್ದರೆ ಸುನ್ನತಿಯೇ ರಕ್ಷಣೆಯ ಷರತ್ತಾಗಿ, ಪೌಲನು ಕಾಪಾಡಲು ಬಯಸಿದ ಸುವಾರ್ತೆಯ ಸತ್ಯಕ್ಕೇ ಧಕ್ಕೆ ಬರುತ್ತಿತ್ತು. ಆಹಾರ ಮತ್ತು ವಿಶೇಷ ದಿನಗಳ ಆಚರಣೆಯನ್ನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಅವರವರ ಮನಸ್ಸಾಕ್ಷಿಗೆ ಬಿಡುವ ಪೌಲನೇ, ಕ್ರಿಸ್ತನ ಪುನರುತ್ಥಾನದ ವಿಷಯದಲ್ಲಿ ಕೊರಿಂಥದವರಿಗೆ ಅಂಥ ಯಾವ ಸಡಿಲಿಕೆಯನ್ನೂ ಕೊಡುವುದಿಲ್ಲ.