ಫಾಗಿಂಗ್ ಮಷೀನ್ ತಗೊಂಡ್ರೆ ಐಸಿಯು ಇನ್ಫೆಕ್ಷನ್ ನಿಲ್ಲುತ್ತಾ, ಇಲ್ಲಾ ಯುವಿ ಲ್ಯಾಂಪ್ ಬೆಟರಾ? ಬಜೆಟ್ ಕಮ್ಮಿ, ಸ್ಟಾಫ್ ಕೈ ತೊಳೆಯಲ್ಲ

ಎರಡೂ ಬೇಡ. ನಾವೂ ಹೀಗೇ ತಲೆ ಕೆಡಿಸ್ಕೊಂಡು ಮಷೀನ್ ತರಿಸಿದ್ವಿ, ಆಮೇಲೂ ಕೂಸುಗಳನ್ನ ಕಳ್ಕೊಂಡ್ವಿ.

ನಾನಾಗ ನವಜಾತ ಶಿಶುಗಳ ಐಸಿಯುನಲ್ಲಿ ಇಂಚಾರ್ಜ್ ಸಿಸ್ಟರ್. ರಕ್ತದಲ್ಲಿ ರೋಗಾಣು ಇದೆಯಾ ಅಂತ ಬೆಳೆಸಿ ನೋಡೋ ಬ್ಲಡ್ ಕಲ್ಚರಲ್ಲಿ ಒಂದಾದ್ಮೇಲೊಂದು ಮಗೂಗೆ ಕ್ಲೆಬ್ಸಿಯೆಲ್ಲಾ ಅನ್ನೋ ಬ್ಯಾಕ್ಟೀರಿಯಾ. ವಾರ್ಡ್ ಖಾಲಿ ಮಾಡಿ ಹೊಗೆ ಹಾಕಿಸಿದ್ವಿ, ಗೋಡೆ, ನೆಲ, ಬಾಗಿಲ ಹಿಡಿ ಎಲ್ಲದರ ಸ್ವಾಬ್ ಕಳಿಸಿದ್ವಿ, ರಿಪೋರ್ಟ್ ಕ್ಲೀನ್ ಬಂತು, ವಾರ್ಡ್ ತೆರೆದ್ವಿ, ಮತ್ತೆ ಅದೇ ಕಥೆ. ಕೊನೆಗೆ ಮೈಕ್ರೋಬಯಾಲಜಿ ಮೇಡಂ ಬಂದು ಗೋಡೆ ಕಡೆ ತಿರುಗಿಯೂ ನೋಡ್ಲಿಲ್ಲ, "ಮಗು ನರದೊಳಗೆ ಏನೇನು ಹೋಗುತ್ತೆ ಅದನ್ನ ತೋರಿಸಿ" ಅಂದ್ರು.

ಟ್ರಾಲಿ ಮೇಲೊಂದು ದೊಡ್ಡ ಡೆಕ್ಸ್ಟ್ರೋಸ್ ಬಾಟಲ್ ಇರ್ತಿತ್ತು. ಬೆಳಗ್ಗೆ ಅದರ ರಬ್ಬರಿಗೆ ಒಂದು ನೀಡಲ್ ಚುಚ್ಚಿ ಹಾಗೇ ಬಿಡೋದು, ಇಡೀ ದಿನ ಯಾವ ಮಗೂಗೆ ಇಂಜೆಕ್ಷನ್ ಡೈಲ್ಯೂಟ್ ಮಾಡಬೇಕಾದ್ರೂ ಅದರಿಂದ್ಲೇ ಎಳೆಯೋದು. ಈ ಪದ್ಧತಿ ಶುರು ಮಾಡಿದ್ದೇ ನಾನು, ಒಂದೆರಡು ಎಂಎಲ್‌ಗೋಸ್ಕರ ಇಡೀ ಬಾಟಲ್ ಎಸೆಯೋಕೆ ಮನಸ್ಸು ಬರ್ತಿರ್ಲಿಲ್ಲ. ಲೇಬಲ್ ಮೇಲೆ ಸ್ಟೆರೈಲ್ ಅಂತಿದೆಯಲ್ಲ ಅಂತ ಧೈರ್ಯ, ಆದ್ರೆ ಅದು ಚುಚ್ಚೋ ತನಕ ಮಾತ್ರ. ನೀಡಲ್ ಅಲ್ಲೇ ಇದ್ರೆ ಬಾಗಿಲು ತೆಗೆದಿಟ್ಟ ಹಾಗೆ, ಯಾರದೋ ಕೈ ತಾಗುತ್ತೆ, ಅರ್ಜೆಂಟಲ್ಲಿ ಒಮ್ಮೆ ಬಳಸಿದ ಸಿರಿಂಜೇ ಮತ್ತೆ ಬರುತ್ತೆ. ಒಳಗಿರೋದು ಸಕ್ಕರೆ ನೀರು, ಕ್ಲೆಬ್ಸಿಯೆಲ್ಲಾಗೆ ಅದರಲ್ಲಿ ಬೆಳೆಯೋಕೆ ಫ್ರಿಜ್ಜಿನಾಚೆಯ ಒಂದು ದಿನ ಸಾಕು. ನಾನು ಬಾಟಲನ್ನ ದಿನಾ ಬೆಳಕಿಗೆ ಹಿಡಿದು ನೋಡ್ತಿದ್ದೆ ಕಣ್ರೀ, ಕದಡಿಲ್ಲ ಅಂದ್ರೆ ಸರಿ ಅಂತ! ಒಂದು ಎಂಎಲ್‌ನಲ್ಲಿ ಹತ್ತು ಲಕ್ಷ ಬ್ಯಾಕ್ಟೀರಿಯಾ ಇದ್ರೂ ನೋಡೋಕೆ ತಿಳಿಯಾಗೇ ಇರಬಹುದು ಅಂತ ಗೊತ್ತಾಗಿದ್ದು ಆ ಬಾಟಲಲ್ಲೇ ಅದೇ ಕ್ಲೆಬ್ಸಿಯೆಲ್ಲಾ ಬೆಳೆದ ಮೇಲೆ. ಹೊಗೆ ಹಾಕೋವಾಗ ನಾವು ಟ್ರಾಲಿನ ಜೋಪಾನವಾಗಿ ಪಕ್ಕದ ರೂಮಿಗೆ ತಳ್ಳಿದ್ವಿ ಬೇರೆ.

ಹಾಗಾಗಿ ಆ ದುಡ್ಡಲ್ಲಿ ಡೈಲ್ಯೂಟ್ ಮಾಡೋಕೆ 5, 10 ಎಂಎಲ್ ಆಂಪ್ಯೂಲ್, ಅಂದ್ರೆ ಒಂದೇ ಸಲಕ್ಕಾಗೋ ಪುಟ್ಟ ಸೀಸೆ ತರಿಸಿ, ಒಬ್ಬರಿಗೆ ಒಂದು, ಉಳಿದಿದ್ದು ಚೆಲ್ಲಿ. ರೋಗಿಗಳಿರೋ ಕಡೆ ರೊಟೀನಾಗಿ ಫಾಗಿಂಗ್ ಮಾಡಬೇಡಿ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2008ರ ಗೈಡ್‌ಲೈನಲ್ಲೇ ಹೇಳಿದೆ. ಯುವಿ ಬೆಳಕು ಬಿದ್ದ ಜಾಗಕ್ಕಷ್ಟೇ ಕೆಲಸ ಮಾಡೋದು.

ಇನ್ನು ಸ್ಟಾಫ್ ಕೈ ತೊಳೆಯಲ್ಲ ಅನ್ನೋದು. ಇದನ್ನಂತೂ ನಾನು ಒಪ್ಪಲ್ಲ. ನಲ್ಲಿ ವಾರ್ಡಿನ ಆ ತುದೀಲಿದ್ದು, ಒಬ್ಬಳೇ ಸಿಸ್ಟರ್ ಹತ್ತು ಬೆಡ್ ನೋಡ್ತಿದ್ರೆ ಯಾರು ತೊಳೀತಾರೆ, ನೀವು ತೊಳೀತೀರಾ? ಪೋಸ್ಟರ್ ಅಂಟಿಸೋದು ಬಿಡಿ, ಪ್ರತಿ ಬೆಡ್ಡಿಗೊಂದು ಹ್ಯಾಂಡ್‌ರಬ್, ನೀರಿಲ್ಲದೆ ಕೈಗೆ ಉಜ್ಜಿಕೊಳ್ಳೋ ಆಲ್ಕೋಹಾಲ್ ದ್ರಾವಣ, ನೇತುಹಾಕಿ. ಡಬ್ಲ್ಯೂಎಚ್‌ಒ ಫಾರ್ಮುಲಾ ಇದೆ, 80% ಎಥನಾಲ್, 1.45% ಗ್ಲಿಸರಾಲ್, 0.125% ಹೈಡ್ರೋಜನ್ ಪೆರಾಕ್ಸೈಡ್, ನಿಮ್ಮ ಫಾರ್ಮಸಿಯಲ್ಲೇ ಮಾಡಬಹುದು, ಮುಚ್ಚಿ 72 ಗಂಟೆ ಇಟ್ಟು ಆಮೇಲೆ ಬಳಸಿ. ಬಾಟಲಲ್ಲಿ ಉಳಿದಿದ್ದರ ಮೇಲೇ ಸುರಿದು ತುಂಬಿಸಬೇಡಿ, ಖಾಲಿಯಾದ್ಮೇಲೆ ತೊಳೆದು ಒಣಗಿಸಿ ತುಂಬಿಸಿ. ಮೊದಲು ಇವತ್ತು ರಾತ್ರಿ ಡ್ಯೂಟೀಲಿ ಹೋಗಿ ಟ್ರಾಲಿ ನೋಡಿ, ಬೆಳಗ್ಗೆ ಎಲ್ಲಾ ಎತ್ತಿಟ್ಟಿರ್ತಾರೆ.