ಸಕ್ಕರೆ ಕಾಯಿಲೆ: ಆಣಿ, ಬಿಸಿನೀರು, ಚಪ್ಪಲಿ

ಪ್ರಶ್ನೆ: ತಂದೆಯವರಿಗೆ 62 ವರ್ಷ, ಬಹಳ ಕಾಲದಿಂದ ಶುಗರ್ ಇದೆ. ನಡೆಯುವಾಗ ಚಪ್ಪಲಿ ಕಳಚಿಹೋದರೂ ಗೊತ್ತಾಗುವುದಿಲ್ಲ. ನೋವಿಲ್ಲವಲ್ಲ ಎಂದು ಅಂಗಾಲಿನ ಆಣಿಯನ್ನು ಬ್ಲೇಡಿನಿಂದ ಕೆರೆಯುತ್ತಾರೆ, ರಾತ್ರಿ ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಡುತ್ತಾರೆ. ಸರಿಯೇ?

ಉತ್ತರ: ಎರಡನ್ನೂ ಇವತ್ತೇ ನಿಲ್ಲಿಸಿ. ಚಪ್ಪಲಿ ಕಳಚಿದ್ದೇ ತಿಳಿಯದ ಕಾಲಿಗೆ ನೀರು ಸುಟ್ಟರೂ, ಬ್ಲೇಡು ಆಳಕ್ಕಿಳಿದರೂ ತಿಳಿಯುವುದಿಲ್ಲ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಅವರು ಕಣ್ಣು ಮುಚ್ಚಿ ಮಲಗಲಿ. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ, ಒತ್ತಬೇಡಿ, ಸವರಬೇಡಿ. ಮುಟ್ಟಿದ್ದು ತಿಳಿದಾಗ 'ಎಡ', 'ಬಲ' ಎನ್ನಲಿ. ಆರರಲ್ಲಿ ಎರಡು ಕಡೆ ತಿಳಿಯದಿದ್ದರೂ ಸ್ಪರ್ಶ ಕುಂದಿದೆ ಎಂದೇ ಲೆಕ್ಕ. ಎಲ್ಲ ಕಡೆ ತಿಳಿದರೂ ವೈದ್ಯರಿಂದ 10 ಗ್ರಾಂ ಮೋನೊಫಿಲಮೆಂಟ್ ಪರೀಕ್ಷೆ (ತೆಳುವಾದ ನೈಲಾನ್ ಎಳೆಯನ್ನು ಪಾದಕ್ಕೆ ಒತ್ತಿ ಸ್ಪರ್ಶ ತಿಳಿಯುತ್ತದೆಯೇ ಎಂದು ನೋಡುವುದು) ಮಾಡಿಸಿ, ಪಾದದ ನಾಡಿ ನೋಡಿಸಿ. ವರ್ಷಕ್ಕೊಮ್ಮೆಯಾದರೂ ಇದು ಆಗಬೇಕು, ಸ್ಪರ್ಶ ಕುಂದಿದ್ದರೆ ಇನ್ನೂ ಬೇಗ ಬೇಗ.

ಒಂದೇ ಜಾಗಕ್ಕೆ ಭಾರ ಬಿದ್ದು ಚರ್ಮ ದಪ್ಪಗಟ್ಟಿದರೆ ಆಣಿ. ಆ ಗಟ್ಟಿ ಚರ್ಮ ಚಪ್ಪಲಿಯೊಳಗೆ ಸಿಕ್ಕ ಕಲ್ಲಿನ ಹಾಗೆ ಒಳಗಿನ ಮಾಂಸವನ್ನು ಜಜ್ಜುತ್ತದೆ. ಮೇಲೆ ಒಣಗಿದಂತೆ ಕಂಡರೂ ಅಡಿಯಲ್ಲಿ ಹುಣ್ಣಾಗಿರಬಹುದು. ಆಣಿಯೊಳಗೆ ಕಪ್ಪು ಛಾಯೆ ಕಂಡರೆ ರಕ್ತ ಕಟ್ಟಿರುವ ಸಾಧ್ಯತೆ ಹೆಚ್ಚು, ತಡಮಾಡಬೇಡಿ. ಅಂಗಡಿಯ ಆಣಿಪಟ್ಟಿಯೂ ಬೇಡ, ಅದರ ಸ್ಯಾಲಿಸಿಲಿಕ್ ಆಮ್ಲ ಆಣಿಯ ಜೊತೆ ಸುತ್ತಲಿನ ಒಳ್ಳೆಯ ಚರ್ಮವನ್ನೂ ಸುಡುತ್ತದೆ.

ಕಾಲು ತೊಳೆಯಲು ಉಗುರುಬೆಚ್ಚಗಿನ ನೀರು ಸಾಕು. ಬಿಸಿ ಎಷ್ಟಿದೆಯೆಂದು ಮನೆಯವರು ಮೊಣಕೈ ಅದ್ದಿ ನೋಡಲಿ. ಬೆರಳ ಸಂದಿಯನ್ನು ಒತ್ತಿ ಒರೆಸಿ. ಹಿಮ್ಮಡಿಗೆ ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಆಗುತ್ತದೆ, ಸಂದಿಗೆ ಮಾತ್ರ ಹಚ್ಚಬೇಡಿ. ಅಲ್ಲಿ ಪಸೆ ನಿಂತರೆ ಚರ್ಮ ಕೊಳೆತು ಬಿರಿಯುತ್ತದೆ.

ಪ್ರಶ್ನೆ: ಎಂಥ ಚಪ್ಪಲಿ ಕೊಡಿಸಬೇಕು? ದೇವಸ್ಥಾನದಲ್ಲಿ ಏನು ಮಾಡುವುದು?

ಉತ್ತರ: ಹವಾಯಿ ಚಪ್ಪಲಿ ಬೇಡ. ಅದರ ಪಟ್ಟಿ ಬೆರಳ ಸಂದಿಯನ್ನು ಉಜ್ಜುತ್ತದೆ, ಕಾಲಿಗೆ ಹಿಡಿತವೂ ಇರದು. ಮೆತ್ತನೆಯ ಎಂಸಿಆರ್ (ಸಣ್ಣ ಗಾಳಿಗುಳ್ಳೆಗಳಿರುವ ರಬ್ಬರ್) ಅಟ್ಟೆ, ಹಿಮ್ಮಡಿಗೆ ಪಟ್ಟಿ, ವೆಲ್ಕ್ರೋ ಇರುವುದನ್ನು ಕೊಡಿಸಿ. ಸಂಜೆ ಪಾದ ಸ್ವಲ್ಪ ಊದುವುದರಿಂದ ಆಗಲೇ ಅಳತೆ ನೋಡಿ. 'ಹಿತವಾಗಿದೆ' ಎಂಬ ಅವರ ಮಾತನ್ನು ನೆಚ್ಚಬೇಡಿ, ಬಿಗಿ ತಿಳಿಯುವ ನರಗಳೇ ಮಂಕಾಗಿವೆ. ನಿಂತ ಪಾದದ ಗೆರೆಯನ್ನು ಕಾಗದದ ಮೇಲೆ ಎಳೆದು ಕತ್ತರಿಸಿ ಅಟ್ಟೆಯ ಮೇಲಿಡಿ. ಕಾಗದ ಅಂಚು ದಾಟಿದರೆ ಆ ಜೋಡಿ ಇಕ್ಕಟ್ಟು. ಹೊಸದನ್ನು ಮೊದಲ ಕೆಲವು ದಿನ ಒಂದೊಂದು ಗಂಟೆ ಮಾತ್ರ ಹಾಕಲಿ, ಬಿಚ್ಚಿದ ಕೂಡಲೇ ಕೆಂಪಾಗಿದೆಯೇ ನೋಡಿ.

ದೇವಸ್ಥಾನಕ್ಕೆ ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನದ ಪ್ರದಕ್ಷಿಣೆಯಲ್ಲಿ ಕಾದ ಚಪ್ಪಡಿಗೆ ಅಂಗಾಲು ಬೊಬ್ಬೆ ಎದ್ದರೂ ಇಂಥವರಿಗೆ ಅರಿವಾಗದು. ದಪ್ಪ ಕಾಲುಚೀಲ ಹಾಕಿದರೆ ಒಳ್ಳೆಯದು, ದೇವರೇನೂ ಬೇಸರ ಮಾಡಿಕೊಳ್ಳಲಾರ.

ಇನ್ನೊಂದು ವಿಷಯ: ಗಾಯವಿಲ್ಲದೆ ಒಂದೇ ಪಾದ ಊದಿ, ಕೆಂಪಾಗಿ, ಇನ್ನೊಂದಕ್ಕಿಂತ ಬಿಸಿಯಾಗಿದ್ದರೆ ಒಳಗೆ ಮೂಳೆಗಳು ಮುರಿದು ಕುಸಿಯುತ್ತಿರಬಹುದು. ಅದಕ್ಕೆ ಚಾರ್ಕೋ ಪಾದ ಎನ್ನುತ್ತಾರೆ. ಆ ಕಾಲನ್ನು ಊರಲು ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.