ತೋಟದಾಚೆಯ ಕಟ್ಟಡಕ್ಕೆ ಸ್ವಿಚ್ ಬೇಕೋ, ರೂಟರ್ ಬೇಕೋ?

ಪ್ರಶ್ನೆ: ನಮ್ಮ ಮನೆಗೆ ಫೈಬರ್ ಸಂಪರ್ಕವಿದೆ. ಅಲ್ಲಿಂದ ಸುಮಾರು 150 ಮೀಟರ್ ದೂರದ ಹೋಮ್‌ಸ್ಟೇ ಕಟ್ಟಡಕ್ಕೆ ಕಾಫಿ ತೋಟದ ಸಿಲ್ವರ್ ಓಕ್ ಮರಗಳ ಮೇಲೆ ಲ್ಯಾನ್ ಕೇಬಲ್ ಎಳೆದು, ಹಳೆಯ ವೈ-ಫೈ ರೂಟರೊಂದನ್ನು ಜೋಡಿಸಿದ್ದೇವೆ. ಸಂಪರ್ಕ ಪದೇ ಪದೇ ಕಡಿದುಹೋಗುತ್ತದೆ. ರೂಟರ್ ತೆಗೆದು ಸ್ವಿಚ್ ಹಾಕಿದರೆ ಸರಿಹೋದೀತೇ?
– ಓದುಗರೊಬ್ಬರು, ನಾಪೋಕ್ಲು

ಉತ್ತರ: ಸರಿಹೋಗದು. ಸ್ವಿಚ್‌ಗೆ ವೈ-ಫೈ ಇಲ್ಲವಾದ್ದರಿಂದ ಅತಿಥಿಗಳ ಮೊಬೈಲ್‌ಗೆ ಅದರಿಂದ ಏನೂ ಸಿಗದು. ತನಗೆ ಜೋಡಿಸಿದ ಪ್ರತಿಯೊಂದು ಸಾಧನದ 48 ಬಿಟ್‌ಗಳ ಮ್ಯಾಕ್ ವಿಳಾಸವನ್ನು (ಸಾಧನದ ಗುರುತು ಸಂಖ್ಯೆಯನ್ನು) ಓದಿಕೊಂಡು, ಯಾವುದು ಯಾವ ಪೋರ್ಟಿನಲ್ಲಿದೆಯೆಂದು ನೆನಪಿಟ್ಟು, ಬಂದ ದತ್ತಾಂಶವನ್ನು ಆಯಾ ಪೋರ್ಟಿಗಷ್ಟೇ ಕಳುಹಿಸುವುದು ಸ್ವಿಚ್‌ನ ಕೆಲಸ. ರೂಟರ್ ಎರಡು ಜಾಲಗಳ ನಡುವೆ ನಿಲ್ಲುತ್ತದೆ: ಮನೆಯೊಳಗಿನ ಸಾಧನಗಳಿಗೆ 192.168.1.5ರಂಥ ಐಪಿ ವಿಳಾಸಗಳನ್ನು ಹಂಚಿ, ಹೊರಗೆ ಅವೆಲ್ಲದರ ಪರವಾಗಿ ಒಂದೇ ವಿಳಾಸದಿಂದ ವ್ಯವಹರಿಸಿ, ಮರಳಿ ಬಂದ ಉತ್ತರವನ್ನು ಕೇಳಿದವರಿಗೇ ತಲುಪಿಸುತ್ತದೆ.

ಕೇಬಲ್ಲನ್ನು ಹಳೆಯ ರೂಟರಿನ ಲ್ಯಾನ್ ಪೋರ್ಟಿಗೆ ಚುಚ್ಚಿದ್ದರೆ, ಒಂದೇ ಜಾಲದಲ್ಲಿ ಎರಡು ರೂಟರುಗಳು ವಿಳಾಸ ಹಂಚುತ್ತಿರಬಹುದು; ಆಗ ಕೆಲವು ಮೊಬೈಲ್‌ಗಳಿಗೆ ಹೊರದಾರಿಯೇ ತಪ್ಪುತ್ತದೆ. ಹಳೆಯ ರೂಟರಿನಲ್ಲಿ ಡಿಎಚ್‌ಸಿಪಿಯನ್ನು, ಅಂದರೆ ವಿಳಾಸ ಹಂಚುವ ವ್ಯವಸ್ಥೆಯನ್ನು, ನಿಲ್ಲಿಸಿ, ಅದಕ್ಕೆ ಮನೆಯ ರೂಟರಿನದಲ್ಲದ, ಆದರೆ ಅದೇ ಸಾಲಿನ (ಕೊನೆಯ ಅಂಕಿಯಷ್ಟೇ ಬೇರೆಯಾದ) ವಿಳಾಸವೊಂದನ್ನು ಕೊಟ್ಟು, ಲ್ಯಾನ್ ಪೋರ್ಟನ್ನೇ ಬಳಸಿದರೆ ಅದು ವೈ-ಫೈ ಒದಗಿಸುವ ಬರಿಯ ಆಕ್ಸೆಸ್ ಪಾಯಿಂಟ್ ಆಗಿ ಕೆಲಸ ಮಾಡುತ್ತದೆ. ಹೊಸದನ್ನು ಕೊಳ್ಳಬೇಕಿಲ್ಲ.

ಆದರೆ ಹಣ ಖರ್ಚು ಮಾಡಬೇಕಾದದ್ದು ಕೇಬಲ್ಲಿಗೆ. ತಾಮ್ರದ ಲ್ಯಾನ್ ಕೇಬಲ್ಲಿಗೆ ನಿಗದಿಯಾದ ಗರಿಷ್ಠ ಉದ್ದ 100 ಮೀಟರ್. ಅದನ್ನು ಮೀರಿದರೆ ಸಂಕೇತ ಕ್ಷೀಣಿಸಿ ಸಂಪರ್ಕ ಕಡಿಯುವುದು ಸಹಜ. ನಡುವೆ ಸ್ವಿಚ್ ಇಟ್ಟು ಉದ್ದವನ್ನು ಹೆಚ್ಚಿಸಬಹುದಾದರೂ ತೋಟದ ನಡುವೆ ಅದಕ್ಕೆ ವಿದ್ಯುತ್ ಒದಗಿಸಬೇಕು. ಅದಕ್ಕಿಂತ ದೊಡ್ಡ ಅಪಾಯ ಸಿಡಿಲು: ಮುಂಗಾರಿಗೆ ಮುನ್ನ ಏಪ್ರಿಲ್, ಮೇ ತಿಂಗಳಲ್ಲಿ ಕೊಡಗಿನಲ್ಲಿ ಬೀಳುವ ಗುಡುಗುಮಳೆಯಲ್ಲಿ, ಮರದಿಂದ ಮರಕ್ಕೆ ಹಾಯ್ದ ತಾಮ್ರದ ತಂತಿ ಎರಡೂ ಕಟ್ಟಡಗಳ ಉಪಕರಣಗಳಿಗೆ ಆಘಾತವನ್ನು ಒಯ್ಯಬಲ್ಲದು. ಗಾಜಿನ ಎಳೆಯಲ್ಲಿ ಬೆಳಕನ್ನು ಸಾಗಿಸುವ ಸಿಂಗಲ್ ಮೋಡ್ ಫೈಬರ್ ಕೇಬಲ್ ವಿದ್ಯುತ್ತನ್ನು ಒಯ್ಯದು, ಕಿಲೋಮೀಟರುಗಟ್ಟಲೆ ದೂರವೂ ಅದಕ್ಕೆ ಹೆಚ್ಚಲ್ಲ. ಎರಡು ತುದಿಗಳಲ್ಲಿ ಬೆಳಕಿನ ಸಂಕೇತವನ್ನೂ ವಿದ್ಯುತ್ ಸಂಕೇತವನ್ನೂ ಪರಸ್ಪರ ಬದಲಿಸುವ ಒಂದೊಂದು ಮೀಡಿಯಾ ಕನ್ವರ್ಟರ್ ಬೇಕಾಗುತ್ತದೆ. ಒಳಗೆ ಉಕ್ಕಿನ ತಂತಿಯಿಲ್ಲದ ಕೇಬಲ್ಲನ್ನೇ ಕೇಳಿ ಪಡೆಯಿರಿ. ಉಕ್ಕಿನ ತಂತಿಯಿದ್ದರೆ ವಿದ್ಯುತ್ತನ್ನು ಒಯ್ಯದ ಫೈಬರಿನ ಈ ಅನುಕೂಲವೇ ಕೈತಪ್ಪೀತು.

ಪ್ರಶ್ನೆ: ಕಚೇರಿಯಲ್ಲಿ ಬಳಸದೆ ಇಟ್ಟ ಹಬ್ ಇದೆ. ಸ್ವಿಚ್‌ನ ಬದಲು ಅದನ್ನು ಹಾಕಬಹುದೇ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಬೇಡ. ಹಬ್‌ಗೆ ವಿಳಾಸ ಓದಲು ಬಾರದು. ಒಂದು ಪೋರ್ಟಿಗೆ ಬಂದದ್ದನ್ನು ಉಳಿದೆಲ್ಲ ಪೋರ್ಟುಗಳಿಗೂ ಕಳಿಸುತ್ತದೆ. ಎರಡು ಕಂಪ್ಯೂಟರುಗಳು ಒಂದೇ ವೇಳೆಗೆ ಕಳುಹಿಸಿದರೆ ಎರಡರದೂ ಕೆಟ್ಟು, ಮತ್ತೆ ಕಳುಹಿಸಬೇಕಾಗುತ್ತದೆ.